‘ಕಟಪಾಲಕ’ ಎಂದರೇನು? ಅಪ್ಪನ ಪತ್ರದಲ್ಲಿ ಸಿಕ್ಕ ಒಂದು ಪದದ ಬಗ್ಗೆ

ಪ್ರಶ್ನೆ ಕೇಳಿದವರು: ಗಾಳಿಬೀಡಿನವಳು

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ಸೈನ್ಯದಲ್ಲಿದ್ದ ಕಾಲದಲ್ಲಿ ಊರಿಗೆ ಬರೆದ ಪತ್ರಗಳನ್ನು ಅವ್ವ ಒಂದು ತಗಡಿನ ಪೆಟ್ಟಿಗೆಯಲ್ಲಿ ಕರ್ಪೂರ ಹಾಕಿ ಕಾಪಾಡಿಕೊಂಡು ಬಂದಿದ್ದರು. ಮಡಿಕೇರಿ ಕಡೆಯ ಮಳೆಗೆ ಕಾಗದ ಬೂಷ್ಟು ಹಿಡಿಯದೆ ಉಳಿಯುವುದೇ ಕಷ್ಟ. ಆದರೂ ನಲವತ್ತಕ್ಕಿಂತ ಹೆಚ್ಚು ಪತ್ರಗಳು ಈಗಲೂ ಓದುವಂತಿವೆ. ಅವನ್ನು ಮನೆಯ ಮಕ್ಕಳು ಮೊಮ್ಮಕ್ಕಳಿಗಾಗಿ ಒಂದು ಸಣ್ಣ ಪುಸ್ತಕ ಮಾಡಿಸಬೇಕೆಂದು ಒಂದೊಂದೇ ನಕಲು ಮಾಡುತ್ತಿದ್ದೇನೆ. ಒಂದು ಪತ್ರದಲ್ಲಿ ಮಾತ್ರ ನಾನು ಮುಂದೆ ಹೋಗಲಾರದೆ ನಿಂತಿದ್ದೇನೆ. ಅದರ ಸಾಲುಗಳು ಹೀಗಿವೆ:

‘ನಿನ್ನೆ ನಮ್ಮ ದೊಡ್ಡ ಸಾಹೇಬರ ಅಂತ್ಯಸಂಸ್ಕಾರವಾಯಿತು. ಕಾವಲು ನಿಂತ ನಾಲ್ವರಲ್ಲಿ ನಾನೂ ಒಬ್ಬ. ಕಟಪಾಲಕ ಎಡಗಾಲಿನ ಮೂಲೆ ನನ್ನ ಪಾಲಿಗೆ ಬಂತು. ಸಾಹೇಬರ ಮುಖ ಮಾತ್ರ ನೋಡಲಾಗಲಿಲ್ಲ.’

ಈ ‘ಕಟಪಾಲಕ’ ಎಂಬ ಪದವನ್ನು ನಮ್ಮ ಮನೆಯಲ್ಲಿ ಒಂದು ಹುದ್ದೆಯ ಹೆಸರೆಂದೇ ತಿಳಿದಿದ್ದರು. ‘ಪಾಲಕ’ ಎಂದಿದೆಯಲ್ಲ, ಕಾಯುವವನೇ ಇರಬೇಕು ಎಂಬುದು ಅಜ್ಜನ ತರ್ಕ. ನೆಂಟರು ಬಂದಾಗ, ‘ನನ್ನ ಮಗ ಮಿಲಿಟರಿಯಲ್ಲಿ ಕಟಪಾಲಕನಾಗಿದ್ದ’ ಎಂದು ಅವರು ಹೇಳುತ್ತಿದ್ದುದನ್ನು ನಾನೇ ಕೇಳಿದ್ದೇನೆ. ಸಂಸ್ಕೃತ ಬಲ್ಲ ಬಂಧುವೊಬ್ಬರು ಇತ್ತೀಚೆಗೆ ಪತ್ರ ನೋಡಿ, ‘ಕಟ’ ಎಂದರೆ ಶವ ಎಂಬ ಅರ್ಥವೂ ಇದೆ, ಆದ್ದರಿಂದ ಕಟಪಾಲಕ ಎಂದರೆ ಶವವನ್ನು ಕಾಯುವವನು, ಅಜ್ಜ ಹೇಳಿದ್ದು ಸರಿಯೇ ಎಂದರು. ಆದರೆ ಕನ್ನಡದ ಯಾವ ನಿಘಂಟಿನಲ್ಲಿಯೂ ನನಗೆ ಈ ಪದ ಸಿಗಲಿಲ್ಲ. ತಂದೆಯವರು ಏಳನೇ ತರಗತಿಯವರೆಗೆ ಓದಿದವರು; ಅಪರೂಪದ ಸಂಸ್ಕೃತ ಸಮಾಸವನ್ನು ಅವರು ತಾವಾಗಿ ಕಟ್ಟಿರಲಾರರು ಎಂದೂ ಅನ್ನಿಸುತ್ತದೆ. ಇದು ನಿಜವಾಗಿ ಯಾವ ಪದ, ಇದಕ್ಕೆ ನಮ್ಮಲ್ಲಿ ಸಮಾನವಾದ ಹಳೆಯ ಪದ ಇದೆಯೇ, ಪುಸ್ತಕದಲ್ಲಿ ಅಡಿಟಿಪ್ಪಣಿ ಹಾಕುವುದಾದರೆ ಏನೆಂದು ಹಾಕಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ನಿವೃತ್ತ ಸುಬೇದಾರ್, ಪೊನ್ನಂಪೇಟೆ

ತಂಗಿ, ನಿಮ್ಮ ತಂದೆಯವರು ಬರೆದದ್ದು ಇಂಗ್ಲಿಷಿನ ‘ಕ್ಯಾಟಫಾಲ್ಕ್’ ಎಂಬ ಪದವನ್ನು. ‘ನಾಲ್ವರು’, ‘ಮೂಲೆ’ ಎಂಬ ಎರಡು ಮಾತುಗಳನ್ನು ನೋಡಿದ ಕೂಡಲೇ ನನಗೆ ಇದು ಹೊಳೆಯಿತು. ಪರೇಡ್ ಮೈದಾನದಲ್ಲಿ ಸಾಹೇಬರ ಬಾಯಿಂದ ಒಂದೆರಡು ಸಲ ಕಿವಿಗೆ ಬಿದ್ದ ಪದವನ್ನು ಅವರು ಕೇಳಿಸಿದಂತೆ ಕನ್ನಡದಲ್ಲಿ ಬರೆದಿದ್ದಾರೆ. ‘ಫ’ಕಾರ ನಮ್ಮ ಹಳೆಯವರ ಬಾಯಲ್ಲಿ ‘ಪ’ಕಾರವಾಗುವುದು ಸಹಜ, ಕಾಫಿಯನ್ನು ‘ಕಾಪಿ’ ಎನ್ನುವವರು ಕೊಡಗಿನಲ್ಲಿ ಇಂದಿಗೂ ಕಡಿಮೆಯಿಲ್ಲ.

ಕ್ಯಾಟಫಾಲ್ಕ್ ಎಂದರೆ ಮೃತರ ಪೆಟ್ಟಿಗೆಯನ್ನು ಜನರ ದರ್ಶನಕ್ಕಾಗಿ ಇರಿಸುವ ಎತ್ತರದ ಕಟ್ಟೆ. ಅದು ಸಾಮಾನ್ಯವಾಗಿ ಮರದ್ದಾಗಿದ್ದು, ಮೇಲೆ ಬಟ್ಟೆ ಹೊದಿಸಿರುತ್ತದೆ. ಅದರ ನಾಲ್ಕು ಮೂಲೆಗಳಲ್ಲಿ ನಾಲ್ವರು ಸೈನಿಕರು ನಿಲ್ಲುತ್ತಾರೆ. ಬ್ರಿಟಿಷ್ ಸಂಪ್ರದಾಯದ ಸೈನ್ಯಗಳಲ್ಲಿ ಆ ತುಕಡಿಗೆ ‘ಕ್ಯಾಟಫಾಲ್ಕ್ ಪಾರ್ಟಿ’ ಎಂದೇ ಹೆಸರು. ಆಸ್ಟ್ರೇಲಿಯದಲ್ಲಿ ಪ್ರತಿ ವರ್ಷ ಏಪ್ರಿಲ್ 25ರಂದು ಯುದ್ಧಸ್ಮಾರಕಗಳ ಸುತ್ತಲೂ ಇದೇ ರೀತಿ ನಾಲ್ವರನ್ನು ನಿಲ್ಲಿಸುತ್ತಾರೆ. ಅಲ್ಲಿ ಶವವೂ ಇರುವುದಿಲ್ಲ, ಪೆಟ್ಟಿಗೆಯೂ ಇರುವುದಿಲ್ಲ, ಹೆಸರು ಮಾತ್ರ ಹಾಗೆಯೇ ಉಳಿದುಕೊಂಡಿದೆ. ನಮ್ಮ ಕಾಲದಲ್ಲಿ ಈ ಪದದ ಬಳಕೆ ತೀರ ಕಡಿಮೆಯಾಗಿತ್ತು. ನಿಮ್ಮ ತಂದೆಯವರು ನನಗಿಂತ ಹಿಂದಿನ ತಲೆಮಾರಿನವರಾದ್ದರಿಂದ ಕೇಳಿರಬಹುದು.

ನಿಲ್ಲುವ ಕ್ರಮವನ್ನು ಹೇಳಿಬಿಡುತ್ತೇನೆ, ಏಕೆಂದರೆ ಪತ್ರದ ಅರ್ಥ ಅದರಲ್ಲಿಯೇ ಇದೆ. ‘ಧೀರೇ ಚಲ್’ ಎಂಬ ಆಜ್ಞೆಯ ಮೇಲೆ ನಿಧಾನವಾಗಿ ಹೆಜ್ಜೆಯಿಟ್ಟು ತಮ್ಮ ತಮ್ಮ ಮೂಲೆಗೆ ಬರಬೇಕು. ‘ಶೋಕ ಶಸ್ತ್ರ’ ಎಂದಾಗ ಬಂದೂಕನ್ನು ತಲೆಕೆಳಗೆ ಮಾಡಿ, ಅದರ ನಳಿಗೆಯ ಬಾಯನ್ನು ಎಡಗಾಲಿನ ಬೂಟಿನ ತುದಿಯ ಮೇಲೆ ಊರಿ, ಹಿಡಿಯ ಮೇಲೆ ಎರಡೂ ಕೈಗಳನ್ನಿಟ್ಟು, ಗದ್ದ ಎದೆಗೆ ತಾಗುವಂತೆ ತಲೆ ತಗ್ಗಿಸಬೇಕು. ಅಲ್ಲಿಂದ ಮುಂದೆ ಕಾವಲು ಬದಲಾಗುವವರೆಗೆ ಅಲುಗಾಡುವಂತಿಲ್ಲ. ನೊಣ ಕೂತರೂ ಓಡಿಸುವಂತಿಲ್ಲ. ಮೊದಲ ಐದು ನಿಮಿಷ ಏನೂ ಅನ್ನಿಸುವುದಿಲ್ಲ. ಆಮೇಲೆ ಕುತ್ತಿಗೆಯ ಹಿಂದಿನ ನರ ಬಿಗಿಯತೊಡಗುತ್ತದೆ, ಬೂಟಿನ ಮೇಲಿನ ಭಾರ ಮೊಣಕಾಲಿಗೆ ಏರುತ್ತದೆ. ನಾನು ಒಮ್ಮೆ ಹಾಗೆ ನಿಂತಿದ್ದೇನೆ. ನನ್ನ ಬೂಟಿನ ಪಾಲಿಶಿನ ಮೇಲೆ ಬಿದ್ದಿದ್ದ ಒಂದು ಹೂವಿನ ಎಸಳು ಇಂದಿಗೂ ಕಣ್ಣ ಮುಂದೆ ಇದೆ, ಏಕೆಂದರೆ ಅಷ್ಟು ಹೊತ್ತು ನಾನು ನೋಡಿದ್ದು ಅದೊಂದನ್ನೇ. ನಾಲ್ವರೂ ಹೊರಮುಖವಾಗಿ, ಅಂದರೆ ಪೆಟ್ಟಿಗೆಗೆ ಬೆನ್ನು ಮಾಡಿ ನಿಲ್ಲಬೇಕು ಎಂಬುದು ಈ ಕ್ರಮದ ಮುಖ್ಯ ಅಂಶ.

ಉತ್ತರ: ಕರಡು ತಿದ್ದುವವನು, ಮೈಸೂರು (ಮೂಲ ಊರು ಶನಿವಾರಸಂತೆ)

ಸುಬೇದಾರರು ಹೇಳಿದ್ದು ಸರಿ. ಪದದ ಮೂಲದ ಬಗ್ಗೆ ನನಗೆ ತಿಳಿದಷ್ಟನ್ನು ಸೇರಿಸುತ್ತೇನೆ. ಇದು ಸ್ವಲ್ಪ ಉದ್ದವಾದೀತು, ತಾಳ್ಮೆಯಿಂದ ಓದಬೇಕು.

ಮೊದಲು ಆ ಸಂಸ್ಕೃತದ ವಿಷಯ. ನಿಮ್ಮ ಬಂಧುಗಳು ತಪ್ಪು ಹೇಳಿಲ್ಲ. ‘ಕಟ’ ಎಂಬುದಕ್ಕೆ ಚಾಪೆ, ಸೊಂಟ, ಆನೆಯ ಕಪೋಲ ಎಂಬ ಅರ್ಥಗಳ ಜೊತೆಗೆ ಶವ, ಶವವನ್ನು ಸಾಗಿಸುವ ಸಾಧನ, ಸುಡುಗಾಡು ಎಂಬ ಅರ್ಥಗಳನ್ನೂ ಸಂಸ್ಕೃತ ನಿಘಂಟುಗಳು ಕೊಡುತ್ತವೆ. ಹೀಗಾಗಿ ‘ಕಟಪಾಲಕ’ ಎಂಬುದನ್ನು ಬಿಡಿಸಿದರೆ ಚಟ್ಟವನ್ನು ಕಾಯುವವನು ಎಂಬ ಅರ್ಥವೇ ಬರುತ್ತದೆ, ಮತ್ತು ನಿಮ್ಮ ತಂದೆಯವರು ಆ ದಿನ ಮಾಡಿದ್ದೂ ಅದೇ ಕೆಲಸ. ನನ್ನ ಇಷ್ಟು ವರ್ಷದ ಕರಡು ತಿದ್ದುವ ಕೆಲಸದಲ್ಲಿ ಇಷ್ಟು ಬಿಗಿಯಾಗಿ ಕೂಡಿಬಂದ ಆಕಸ್ಮಿಕವನ್ನು ನಾನು ಕಂಡಿಲ್ಲ. ಆದರೂ ಇದು ಆಕಸ್ಮಿಕವೇ ಹೊರತು ವ್ಯುತ್ಪತ್ತಿಯಲ್ಲ. ಅನ್ಯದೇಶ್ಯ ಪದವೊಂದು ಬಾಯಿಗೆ ಬಂದಾಗ, ನಮಗೆ ಪರಿಚಯವಿರುವ ಪದಗಳ ಆಕಾರವನ್ನು ಅದಕ್ಕೆ ತೊಡಿಸುವುದು ಎಲ್ಲ ಭಾಷೆಗಳ ಜನರ ರೂಢಿ. ಇಲ್ಲಿ ‘ಫಾಲ್ಕ್’ ಎಂಬುದು ‘ಪಾಲಕ’ವಾಗಿದೆ.

ಮೂಲ ಪದ ಇಟಾಲಿಯನ್ ಭಾಷೆಯ ‘ಕಟಫಾಲ್ಕೊ’. ಅದು ಫ್ರೆಂಚಿನ ಮೂಲಕ 17ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಅದರ ಹಿಂದಿರುವ ಲ್ಯಾಟಿನ್ ರೂಪದಲ್ಲಿ ‘ಫಾಲಾ’ ಎಂಬ ಅಂಶ ಸೇರಿದೆ ಎಂಬುದು ಸಾಮಾನ್ಯವಾಗಿ ಒಪ್ಪಿರುವ ವಿವರಣೆ. ‘ಫಾಲಾ’ ಎಂದರೆ ಕೋಟೆಗೆ ಮುತ್ತಿಗೆ ಹಾಕುವಾಗ ನಿಲ್ಲಿಸುತ್ತಿದ್ದ ಮರದ ಗೋಪುರ. ಅದೇ ಮೂಲದಿಂದ ಹಳೆಯ ಫ್ರೆಂಚಿನ ದಾರಿ ಹಿಡಿದು ಬಂದ ಇನ್ನೊಂದು ಪದ ‘ಸ್ಕ್ಯಾಫೋಲ್ಡ್’, ಅಂದರೆ ನಮ್ಮ ಗಾರೆಯವರು ಕಟ್ಟುವ ಸಾರುವೆ. ಅದೇ ಪದಕ್ಕೆ ಇಂಗ್ಲಿಷಿನಲ್ಲಿ ಮರಣದಂಡನೆಯ ವೇದಿಕೆ ಎಂಬ ಅರ್ಥವೂ ಇದೆ. ಸ್ಪೇನಿನ ‘ಕಡಾಲ್ಸೊ’ ಎಂಬ ಸೋದರ ಪದಕ್ಕೂ ಮುಖ್ಯವಾಗಿ ಅದೇ ಅರ್ಥ. ಅಪರಾಧಿಯ ತಲೆ ಕಡಿಯುವುದಕ್ಕೂ ಗೌರವಾನ್ವಿತನ ದೇಹವನ್ನು ಇರಿಸುವುದಕ್ಕೂ ಯುರೋಪಿನವರು ಒಂದೇ ಬೇರಿನ ಪದಗಳನ್ನು ಇಟ್ಟುಕೊಂಡರು. ಎರಡು ಕಡೆಯೂ ಇದ್ದದ್ದು ಒಂದೇ ಸಂಗತಿ: ನೆರೆದ ಜನರಿಗೆಲ್ಲ ಕಾಣುವಂತೆ ಎತ್ತರಿಸಿ ಕಟ್ಟಿದ ಮರದ ಅಟ್ಟ.

ಇದರ ಜೊತೆಯ ಎರಡು ಪದಗಳನ್ನು ಬೇರೆಯಾಗಿ ನೋಡಬೇಕು, ಏಕೆಂದರೆ ಅನುವಾದಗಳಲ್ಲಿ ಮೂರೂ ಕಲಸಿಹೋಗಿರುವುದನ್ನು ನಾನು ಪದೇ ಪದೇ ತಿದ್ದಿದ್ದೇನೆ. ‘ಬಿಯರ್’ ಎಂಬುದು ಹೊರು ಎಂಬ ಅರ್ಥದ ಧಾತುವಿನಿಂದ ಬಂದದ್ದು, ಆದ್ದರಿಂದ ಅದು ಹೆಗಲ ಮೇಲೆ ಸಾಗುವ ವಸ್ತು. ‘ಹರ್ಸ್’ ಎಂಬುದರ ಮೂಲ ಅರ್ಥ ಹಲ್ಲುಗಳಿರುವ ಹಲುಬೆ. ನಾಟಿಗೆ ಮುಂಚೆ ಗದ್ದೆಯಲ್ಲಿ ಎಳೆಯುತ್ತೇವಲ್ಲ, ಅದೇ. ಶವಪೆಟ್ಟಿಗೆಯ ಮೇಲೆ ಮೇಣದಬತ್ತಿಗಳನ್ನು ಚುಚ್ಚಲು ಮುಳ್ಳುಗಳಿರುವ ಒಂದು ಚೌಕಟ್ಟನ್ನು ನಿಲ್ಲಿಸುತ್ತಿದ್ದರು, ಅದು ಹಲುಬೆಯಂತೆ ಕಾಣುತ್ತಿದ್ದುದರಿಂದ ಆ ಹೆಸರು ಬಂತು. ಮುಂದೆ ಅದೇ ಹೆಸರು ಶವ ಸಾಗಿಸುವ ಗಾಡಿಗೆ ಹೋಯಿತು. ಕ್ಯಾಟಫಾಲ್ಕ್ ಮಾತ್ರ ಸಾಗುವುದೂ ಇಲ್ಲ, ಉರಿಯುವುದೂ ಇಲ್ಲ, ಮಣ್ಣಿಗೆ ಇಳಿಯುವುದೂ ಇಲ್ಲ. ಅಂತಿಮ ಯಾತ್ರೆಗೂ ಮುಂಚೆ ಮೃತರು ಒಂದಿಷ್ಟು ಹೊತ್ತು ನಿಂತಲ್ಲಿ ನಿಲ್ಲುವ ಜಾಗ ಅದು.

ಅದು ವೈಭವದ ವಸ್ತುವೇ ಆಗಿರಬೇಕೆಂದಿಲ್ಲ. 1865ರಲ್ಲಿ ಅಬ್ರಹಾಂ ಲಿಂಕನ್ನರ ದೇಹವನ್ನು ಇರಿಸಲು ಮಾಡಿದ ಕಟ್ಟೆಯನ್ನು ಒರಟು ಪೈನ್ ಮರದ ಹಲಗೆಗಳಿಗೆ ಮೊಳೆ ಹೊಡೆದು ತರಾತುರಿಯಲ್ಲಿ ಕಟ್ಟಿ, ಮೇಲೆ ಕಪ್ಪು ಬಟ್ಟೆ ಹೊದಿಸಿದ್ದರು. ಅದರ ಉದ್ದ ಏಳಡಿಗೆ ಒಂದಂಗುಲ ಹೆಚ್ಚು, ಅಗಲ ಎರಡೂವರೆ ಅಡಿ, ಎತ್ತರ 2 ಅಡಿ. ವಾಷಿಂಗ್ಟನ್ನಿನ ಸಂಸತ್ ಭವನದಲ್ಲಿ ಅದನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ಬಟ್ಟೆಯನ್ನು ಎಷ್ಟೋ ಸಲ ಬದಲಿಸಿದ್ದಾರೆ, ಹಲಗೆಗಳು ಮಾತ್ರ ಅವೇ. 1963ರಲ್ಲಿ ಕೆನಡಿಯವರ ಪೆಟ್ಟಿಗೆಯನ್ನು ಇರಿಸಿದ್ದೂ ಅದರ ಮೇಲೆಯೇ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಹಾಲಿನಲ್ಲಿ 2022ರ ಸೆಪ್ಟೆಂಬರಿನಲ್ಲಿ ಎರಡನೇ ಎಲಿಜಬೆತ್ ರಾಣಿಯ ಪೆಟ್ಟಿಗೆಯನ್ನು ಇರಿಸಿದ್ದ ನೇರಳೆ ಬಟ್ಟೆಯ ಕಟ್ಟೆಯನ್ನು ನಮ್ಮಲ್ಲಿ ಅನೇಕರು ಟಿವಿಯಲ್ಲಿ ನೋಡಿದ್ದಾರೆ. ಅಲ್ಲಿ 20 ನಿಮಿಷಕ್ಕೊಮ್ಮೆ ಕಾವಲು ಬದಲಾಗುತ್ತಿತ್ತು. ಆ ದಿನಗಳಲ್ಲಿ ಕನ್ನಡ ವಾಹಿನಿಯೊಂದು ಅದನ್ನು ‘ಚಿತೆ’ ಎಂದು ಕರೆದದ್ದು ಕೇಳಿ ನನಗೆ ಬಹಳ ನೋವಾಯಿತು. ಚಿತೆ ಎಂದರೆ ಒಟ್ಟಿದ್ದು, ಪೇರಿಸಿದ್ದು. ‘ಚಿ’ ಎಂಬ ಧಾತುವಿಗೆ ಒಟ್ಟು ಎಂದೇ ಅರ್ಥ, ‘ಚೈತ್ಯ’ ಎಂಬ ಪದ ಬಂದದ್ದೂ ಅಲ್ಲಿಂದಲೇ. ಸೌದೆ ಒಟ್ಟದ ಕಡೆ ಚಿತೆ ಎಂಬ ಮಾತು ಸಲ್ಲದು.

ಉತ್ತರ: ವಿರಾಜಪೇಟೆಯ ಓದುಗಿ

ಮೇಲಿನ ಬರಹ ಓದುತ್ತಿದ್ದಂತೆ ನಮ್ಮ ಅಜ್ಜಿ ಹೇಳುತ್ತಿದ್ದ ಒಂದು ಸಂಗತಿ ನೆನಪಾಯಿತು. ನಾವು ಕ್ಯಾಥೊಲಿಕರು. ಕೊಡಗಿನ ಅರಸ ದೊಡ್ಡವೀರರಾಜೇಂದ್ರನು ಆಶ್ರಯ ಕೊಟ್ಟು, 1792ರಲ್ಲಿ ವಿರಾಜಪೇಟೆಯಲ್ಲಿ ಸಂತ ಅನ್ನಮ್ಮನವರ ದೇವಾಲಯಕ್ಕೆ ನೆಲೆ ಮಾಡಿಕೊಟ್ಟ ಕಾಲದಿಂದ ನಮ್ಮ ಸಮುದಾಯ ಈ ಊರಿನಲ್ಲಿದೆ. ಅಜ್ಜಿಯ ತವರು ಮಾತ್ರ ಘಟ್ಟದ ಕೆಳಗೆ. ಅಲ್ಲಿಯ ಇಗರ್ಜಿಯಲ್ಲಿ ನವೆಂಬರ್ 2ರ ಮೃತರ ಸ್ಮರಣೆಯ ದಿನ ಪೀಠದ ಮುಂದೆ, ಜನ ಕೂರುವ ಭಾಗದ ನಡುವೆ, ಶವಪೆಟ್ಟಿಗೆಯ ಆಕಾರದ ಮರದ ಚೌಕಟ್ಟೊಂದನ್ನು ಇಟ್ಟು, ಕಪ್ಪು ಬಟ್ಟೆ ಹೊದಿಸಿ, ಎರಡು ಬದಿಗೆ ಮೂರು ಮೂರರಂತೆ ಆರು ಮೇಣದಬತ್ತಿಗಳನ್ನು ಹಚ್ಚುತ್ತಿದ್ದರಂತೆ. ಬಲಿಪೂಜೆ ಮುಗಿದ ಮೇಲೆ ಗುರುಗಳು ಕೆಳಗಿಳಿದು ಬಂದು ಅದರ ಸುತ್ತ ತೀರ್ಥ ಚಿಮುಕಿಸಿ, ಧೂಪ ಹಾಕಿ ಪ್ರಾರ್ಥಿಸುತ್ತಿದ್ದರು. ಒಳಗೆ ಯಾರೂ ಇರುತ್ತಿರಲಿಲ್ಲ. ಸಣ್ಣವಳಿದ್ದಾಗ ಅಜ್ಜಿ ಬಟ್ಟೆಯ ಅಂಚನ್ನು ಎತ್ತಿ ನೋಡಿ, ಒಳಗೆ ಬರೀ ನೆಲ ಕಂಡು, ಆ ರಾತ್ರಿ ನಿದ್ದೆ ಮಾಡಲಿಲ್ಲವಂತೆ.

ದೂರದ ಊರಿನಲ್ಲಿ ಸತ್ತವರಿಗೆ, ಹಡಗಿನಲ್ಲಿ ಹೋಗಿ ಬಾರದವರಿಗೆ, ತೀರಿಕೊಂಡು ವರ್ಷಗಳಾದವರಿಗೆ ಪೂಜೆ ನಡೆಸುವಾಗ ದೇಹದ ಬದಲಿಗೆ ನಿಲ್ಲುತ್ತಿದ್ದದ್ದು ಈ ಚೌಕಟ್ಟು. ಕ್ಯಾಥೊಲಿಕ್ ಪೂಜಾವಿಧಿಯಲ್ಲಿ ಇದರ ಹೆಸರೂ ಕ್ಯಾಟಫಾಲ್ಕ್ ಎಂದೇ. 1962–65ರಲ್ಲಿ ನಡೆದ ಕ್ಯಾಥೊಲಿಕ್ ಧರ್ಮಾಧ್ಯಕ್ಷರ ಎರಡನೇ ವ್ಯಾಟಿಕನ್ ಸಭೆಯ ನಂತರ ವಿಧಿಗಳು ಬದಲಾದಾಗ ಇದರ ಬಳಕೆ ಬಹುಮಟ್ಟಿಗೆ ನಿಂತಿತು. 1564ರಲ್ಲಿ ಶಿಲ್ಪಿ ಮೈಕೆಲೇಂಜೆಲೊ ತೀರಿಕೊಂಡಾಗ ಫ್ಲಾರೆನ್ಸಿನ ಕಲಾವಿದರು ಸಾನ್ ಲೊರೆಂಜೊ ದೇವಾಲಯದಲ್ಲಿ ಚಿತ್ರ ಮತ್ತು ಶಿಲ್ಪಗಳಿಂದ ತುಂಬಿದ ಬಹು ಎತ್ತರದ ಕ್ಯಾಟಫಾಲ್ಕನ್ನು ನಿಲ್ಲಿಸಿದ್ದರು. ಅಷ್ಟು ಹೊತ್ತಿಗೆ ಆತನ ದೇಹ ಅದೇ ಊರಿನ ಬೇರೊಂದು ದೇವಾಲಯವನ್ನು ಸೇರಿಯಾಗಿತ್ತು. ಹೀಗಾಗಿ ಈ ಪದಕ್ಕೆ ದೇಹ ಇರಲೇಬೇಕೆಂಬ ನಿಯಮವಿಲ್ಲ. ಸುಬೇದಾರ್ ಅಣ್ಣ ಹೇಳಿದ ಆಸ್ಟ್ರೇಲಿಯದ ಸ್ಮಾರಕಗಳ ಸಂಗತಿಯೂ ಇದಕ್ಕೆ ಸರಿಹೊಂದುತ್ತದೆ.

ಉತ್ತರ: ಮಹದೇವಪೇಟೆಯವನು, ಮಡಿಕೇರಿ

ಕನ್ನಡದ ಪದ ಕೇಳಿದ್ದೀರಿ. ನಾನು ‘ಗದ್ದುಗೆ’ ಎಂದು ಸೂಚಿಸುತ್ತೇನೆ. ನಮ್ಮ ಬೀದಿಯ ತುದಿಯಲ್ಲಿರುವ ರಾಜರ ಗದ್ದುಗೆಯನ್ನು ಕೊಡಗಿನವರೆಲ್ಲ ಬಲ್ಲರು. ಗುಮ್ಮಟ, ಮೂಲೆಯ ಮಿನಾರುಗಳು, ಮೇಲೆ ನಂದಿಗಳು ಇರುವ ಆ ಕಟ್ಟಡಗಳಲ್ಲಿ ದೊಡ್ಡವೀರರಾಜೇಂದ್ರ, ಲಿಂಗರಾಜೇಂದ್ರ ಮತ್ತು ಅವರ ರಾಣಿಯರ ಸಮಾಧಿಗಳಿವೆ. ಲಿಂಗರಾಜೇಂದ್ರನ ಗದ್ದುಗೆಯನ್ನು 1820ರಲ್ಲಿ ಅವನ ಮಗ ಚಿಕ್ಕವೀರರಾಜೇಂದ್ರ ಕಟ್ಟಿಸಿದ. ಕಟ್ಟಿಸಿದವನಿಗೆ ಮಾತ್ರ ಇಲ್ಲಿ ಜಾಗ ಸಿಗಲಿಲ್ಲ. 1834ರಲ್ಲಿ ಬ್ರಿಟಿಷರು ಅವನನ್ನು ಪದಚ್ಯುತಗೊಳಿಸಿದರು. 1859ರಲ್ಲಿ ಅವನು ಲಂಡನ್ನಿನಲ್ಲಿ ತೀರಿಕೊಂಡಾಗ ಅಲ್ಲಿಯ ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಹೂಳಿದರು.

ಗದ್ದುಗೆ ಎಂದರೆ ಸಿಂಹಾಸನವೂ ಹೌದು, ಸಮಾಧಿಯ ಪೀಠವೂ ಹೌದು. ಗೌರವ, ಎತ್ತರ, ಮೃತರ ಸಾನ್ನಿಧ್ಯ ಈ ಮೂರೂ ಒಂದೇ ಪದದಲ್ಲಿ ಬರುತ್ತವೆ. ಸೈನ್ಯದ ದೊಡ್ಡ ಅಧಿಕಾರಿಯ ದೇಹವನ್ನು ಇರಿಸಿದ ಕಟ್ಟೆಗೆ ಇದಕ್ಕಿಂತ ಘನವಾದ ಕನ್ನಡ ಪದ ಇನ್ನಾವುದಿದೆ?

ಮರುಉತ್ತರ: ಕರಡು ತಿದ್ದುವವನು, ಮೈಸೂರು

ಗದ್ದುಗೆ ಎಂಬ ಪದದ ಮೇಲೆ ನಿಮಗಿರುವ ಅಭಿಮಾನ ನನಗೂ ಇದೆ. ಆದರೆ ಇಲ್ಲಿ ಅದನ್ನು ಒಪ್ಪಲಾರೆ, ಕಾರಣ ಹೇಳುತ್ತೇನೆ.

ಕೊಡಗನ್ನಾಳಿದ ಈ ಹಾಲೇರಿ ವಂಶದ ಅರಸರು ವೀರಶೈವರು. ಆ ಸಂಪ್ರದಾಯದಲ್ಲಿ ದೇಹವನ್ನು ಮಲಗಿಸುವುದಿಲ್ಲ, ಕುಳ್ಳಿರಿಸುತ್ತಾರೆ. ‘ವಿಮಾನ’ವೆಂದು ಕರೆಯುವ ಅಲಂಕರಿಸಿದ ಪಲ್ಲಕ್ಕಿಯಲ್ಲಿ ಕುಳಿತ ಭಂಗಿಯಲ್ಲಿಯೇ ಕರೆದೊಯ್ದು, ಕೈಯಲ್ಲಿ ಇಷ್ಟಲಿಂಗವನ್ನಿಟ್ಟು, ಕುಳಿತ ಭಂಗಿಯಲ್ಲಿಯೇ ಸಮಾಧಿ ಮಾಡುತ್ತಾರೆ. ಮಠಗಳಲ್ಲಿ ‘ಕರ್ತೃ ಗದ್ದುಗೆ’ ಎಂದಾಗಲೂ ಭಕ್ತರ ಮನಸ್ಸಿನಲ್ಲಿ ಇರುವುದು ಅಲ್ಲಿ ಕುಳಿತ ಗುರು. ಸಿಂಹಾಸನ ಮತ್ತು ಸಮಾಧಿಗೆ ಒಂದೇ ಪದ ಒಪ್ಪಿದ್ದು ಈ ಕುಳಿತುಕೊಳ್ಳುವಿಕೆಯಿಂದ. ಕ್ಯಾಟಫಾಲ್ಕಿನ ಮೇಲೆ ದೇಹ ಪೆಟ್ಟಿಗೆಯಲ್ಲಿ ಮಲಗಿರುತ್ತದೆ, ಅದೂ ಕೆಲವೇ ಗಂಟೆ ಅಥವಾ ದಿನಗಳ ಮಟ್ಟಿಗೆ. ಗದ್ದುಗೆ ಅಲ್ಲಿಯೇ ನೆಲೆಸಿದವರ ಜಾಗ. ತಾತ್ಕಾಲಿಕವಾದ ಮರದ ಕಟ್ಟೆಗೆ ಆ ಹೆಸರಿಟ್ಟರೆ ಗದ್ದುಗೆಯ ಅರ್ಥವೂ ತೆಳುವಾಗುತ್ತದೆ.

ಈ ತಾತ್ಕಾಲಿಕ ಮತ್ತು ಶಾಶ್ವತ ಎಂಬ ಭೇದ ಇಂಗ್ಲಿಷಿನಲ್ಲಿಯೂ ಒಮ್ಮೆ ಮುನ್ನೆಲೆಗೆ ಬಂದಿತ್ತು. ಮೊದಲ ಮಹಾಯುದ್ಧ ಮುಗಿದ ಮೇಲೆ 1919ರ ಜುಲೈ ತಿಂಗಳ ವಿಜಯಯಾತ್ರೆಗಾಗಿ, ಸೈನಿಕರು ವಂದಿಸುತ್ತ ಸಾಗಲು ಒಂದು ಕ್ಯಾಟಫಾಲ್ಕ್ ಬೇಕೆಂದು ಬ್ರಿಟನ್ನಿನ ಪ್ರಧಾನಿ ಲಾಯ್ಡ್ ಜಾರ್ಜ್ ವಾಸ್ತುಶಿಲ್ಪಿ ಲುಟ್ಯೆನ್ಸರನ್ನು ಕೇಳಿದರು. ಲುಟ್ಯೆನ್ಸ್ ಆ ಪದವನ್ನು ಬಿಟ್ಟು ‘ಸೆನೊಟಾಫ್’ ಎಂಬುದನ್ನು ಆರಿಸಿಕೊಂಡರು. ಗ್ರೀಕಿನಲ್ಲಿ ಅದರ ಅರ್ಥ ಬರಿದಾದ ಸಮಾಧಿ. ಮೊದಲು ಮರ ಮತ್ತು ಗಾರೆಯಲ್ಲಿ ನಿಂತ ಅದನ್ನು ಜನ ಎಷ್ಟು ಹಚ್ಚಿಕೊಂಡರೆಂದರೆ, 1920ರ ನವೆಂಬರ್ 11ರ ಹೊತ್ತಿಗೆ ಅದೇ ಆಕಾರ ಕಲ್ಲಿನಲ್ಲಿ ಎದ್ದು ನಿಂತಿತು.

ಹಾಗಾದರೆ ಕನ್ನಡದಲ್ಲಿ ಏನಿದೆ? ‘ಚಟ್ಟ’ ಇದೆ. ಹಸಿ ಬಿದಿರಿನ ಎರಡು ಗಳುಗಳಿಗೆ ಅಡ್ಡಪಟ್ಟಿ ಬಿಗಿದು, ಮೇಲೆ ಹುಲ್ಲು ಹಾಸಿ, ನಾಲ್ವರು ಹೆಗಲು ಕೊಡುವುದು. ‘ಸಿದಿಗೆ’ ಇದೆ, ಹೊಸಬರು ಮರೆತಿದ್ದರೂ ಉತ್ತರ ಕರ್ನಾಟಕದ ಹಿರಿಯರ ಬಾಯಲ್ಲಿ ಕೇಳಿದ್ದೇನೆ, ಅದರ ಅರ್ಥವೂ ಹೆಣ ಹೊರುವ ಚಟ್ಟವೇ. ಇವೆರಡೂ ಸಾಗುವಂಥವು. ಮನೆಯಂಗಳದಲ್ಲಿ ದೇಹವನ್ನು ಇರಿಸಿ ನೆಂಟರು ಬರುವವರೆಗೆ ಕಾಯುವ ವಾಡಿಕೆ ನಮ್ಮಲ್ಲಿ ಎಲ್ಲ ಕಡೆಯೂ ಇದೆ. ಆದರೆ ಆಗ ಬಳಸುವುದು ಚಾಪೆ, ಹಲಗೆ, ಬೆಂಚು ಅಥವಾ ಮನೆಯ ಮಂಚ. ಆ ಹೊತ್ತಿಗೆಂದೇ ಮಾಡಿದ ವಸ್ತು ಇಲ್ಲದ್ದರಿಂದ ಅದಕ್ಕೆಂದೇ ಹೆಸರೂ ಹುಟ್ಟಲಿಲ್ಲ ಎಂಬುದು ನನ್ನ ಅಭಿಪ್ರಾಯ. ಪತ್ರಿಕೆಗಳಲ್ಲಿ ನಾವು ‘ಪಾರ್ಥಿವ ಶರೀರವನ್ನು ಸಾರ್ವಜನಿಕರ ಅಂತಿಮ ದರ್ಶನಕ್ಕೆ ಇರಿಸಲಾಗಿತ್ತು’ ಎಂದು ಬರೆಯುತ್ತೇವೆ. ಆ ಇಡೀ ವಾಕ್ಯ ಕ್ಯಾಟಫಾಲ್ಕಿನ ಕೆಲಸವನ್ನು ಹೇಳುತ್ತದೆ, ವಸ್ತುವನ್ನು ಹೆಸರಿಸುವುದಿಲ್ಲ.

ಒಂದು ಪದ ಮಾತ್ರ ನನ್ನ ಮನಸ್ಸಿನಲ್ಲಿ ಕೆಲವು ದಿನಗಳಿಂದ ಸುಳಿಯುತ್ತಿದೆ. ಅದು ‘ಅಟ್ಟಣಿಗೆ’. ಕೊಡಗಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಭತ್ತ ಹಾಲು ತುಂಬುವ ಕಾಲಕ್ಕೆ ಆನೆ, ಹಂದಿಗಳನ್ನು ಕಾಯಲು ಗದ್ದೆಯ ಅಂಚಿನ ಮರದಲ್ಲಿ ಕಟ್ಟಿಕೊಳ್ಳುವ ಆಸರೆ. ಸಂಸ್ಕೃತದ ಅಟ್ಟಾಲಕ, ಅಟ್ಟಾಲಿಕೆ ಎಂಬ ಪದಗಳ ನೆಂಟಸ್ತಿಕೆ ಇದಕ್ಕಿದೆ. ಅಟ್ಟಾಲಕ ಎಂದರೆ ಕೋಟೆಗೋಡೆಯ ಮೇಲಿನ ಕಾವಲು ಗೋಪುರ. ಅತ್ತ ಲ್ಯಾಟಿನ್ನಿನಲ್ಲಿ ಮುತ್ತಿಗೆಯ ಗೋಪುರ, ಇತ್ತ ನಮ್ಮಲ್ಲಿ ಕೋಟೆಯ ಕಾವಲು ಗೋಪುರ. ಎರಡರಲ್ಲಿಯೂ ಯುದ್ಧವಿದೆ, ಎತ್ತರವಿದೆ. ನಮ್ಮದರಲ್ಲಿ ಕಾವಲೂ ಸೇರಿದೆ. ಅಟ್ಟಣಿಗೆ ಎಂದು ಬರಿದೇ ಬರೆದರೆ ಓದುಗರು ಗದ್ದೆಯ ಅಟ್ಟವನ್ನೇ ನೆನೆಯುತ್ತಾರೆ, ಆದ್ದರಿಂದ ‘ಅಂತಿಮ ದರ್ಶನದ ಅಟ್ಟಣಿಗೆ’ ಎಂದು ಬಿಡಿಸಿ ಬರೆಯಬೇಕಾಗುತ್ತದೆ. ನನ್ನ ಸಲಹೆ ಇದು. ಪತ್ರದ ಮೂಲಪಾಠದಲ್ಲಿ ಮಾತ್ರ ‘ಕಟಪಾಲಕ’ ಎಂಬುದನ್ನು ಒಂದಕ್ಷರವೂ ತಿದ್ದಬೇಡಿ.

ಮರುಉತ್ತರ: ಮಹದೇವಪೇಟೆಯವನು, ಮಡಿಕೇರಿ

ಒಪ್ಪಿದೆ. ದಿನವೂ ಗದ್ದುಗೆಯ ಮುಂದೆಯೇ ಓಡಾಡುತ್ತಿದ್ದರೂ ಕುಳಿತ ಭಂಗಿಗೂ ಆ ಪದಕ್ಕೂ ಇರುವ ಸಂಬಂಧವನ್ನು ನಾನು ಯೋಚಿಸಿರಲಿಲ್ಲ.

ಒಂದು ಸಣ್ಣ ಸೇರ್ಪಡೆ. 1993ರ ಮೇ ತಿಂಗಳಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ತೀರಿಕೊಂಡಾಗ ಮಡಿಕೇರಿಯಲ್ಲಿ ಅಂತ್ಯಕ್ರಿಯೆ ನಡೆಯಿತು. ಮೂರೂ ಸೇನಾಪಡೆಗಳ ಮುಖ್ಯಸ್ಥರು ಮತ್ತು ಫೀಲ್ಡ್ ಮಾರ್ಷಲ್ ಮಾಣಿಕ್‌ಷಾ ಬಂದಿದ್ದರು. ನಾನು ಆಗ ಹೈಸ್ಕೂಲಿನಲ್ಲಿದ್ದೆ. ಆ ದಿನ ಸುತ್ತಲಿನ ಹಿರಿಯರ ಬಾಯಲ್ಲಿ ಬಂದ ಪದಗಳು ‘ತೋಪಿನ ಗಾಡಿ’, ‘ಕುಶಾಲತೋಪು’, ‘ಪೆಟ್ಟಿಗೆ’ ಇಂಥವು. ಇಷ್ಟು ಸೈನಿಕರಿರುವ ನಾಡಿನಲ್ಲಿ ಕ್ಯಾಟಫಾಲ್ಕಿಗೆ ನಮ್ಮದೇ ಒಂದು ಮಾತು ರೂಢಿಯಾಗದೆ ಇದ್ದದ್ದು ಈಗ ಯೋಚಿಸಿದರೆ ಆಶ್ಚರ್ಯವೆನಿಸುತ್ತದೆ.

ಪ್ರಶ್ನೆ ಕೇಳಿದವರಿಂದ: ಗಾಳಿಬೀಡಿನವಳು

ನಿಮ್ಮೆಲ್ಲರಿಗೂ ಹೇಗೆ ಕೃತಜ್ಞತೆ ಹೇಳಲಿ ಎಂದು ತಿಳಿಯುತ್ತಿಲ್ಲ. ಒಂದು ಪದಕ್ಕೆ ಇಷ್ಟು ಹೊತ್ತು ಕೊಡುತ್ತೀರೆಂದು ನಾನು ನಿರೀಕ್ಷಿಸಿ ಕೇಳಿರಲಿಲ್ಲ.

ಅಪ್ಪನ ಅಕ್ಷರವನ್ನು ಹಾಗೆಯೇ ಉಳಿಸುತ್ತೇನೆ. ಪುಟದ ಕೆಳಗೆ ಹೀಗೆ ಹಾಕಬೇಕೆಂದಿದ್ದೇನೆ: ‘ಕಟಪಾಲಕ: ಇಂಗ್ಲಿಷಿನ ಕ್ಯಾಟಫಾಲ್ಕ್. ಮೃತರ ಪೆಟ್ಟಿಗೆಯನ್ನು ಸಮಾಧಿಗೋ ಚಿತೆಗೋ ಒಯ್ಯುವ ಮೊದಲು ಗೌರವದಿಂದ ಇರಿಸುವ, ಬಟ್ಟೆ ಹೊದಿಸಿದ ಎತ್ತರದ ಕಟ್ಟೆ. ಅಂತಿಮ ದರ್ಶನದ ಅಟ್ಟಣಿಗೆ. ನಾಲ್ಕು ಮೂಲೆಗಳಲ್ಲಿ ನಾಲ್ವರು ಸೈನಿಕರು ಕಾವಲು ನಿಲ್ಲುತ್ತಾರೆ.’ ಅಜ್ಜ ಅದನ್ನು ಹುದ್ದೆಯೆಂದು ತಿಳಿದಿದ್ದ ಸಂಗತಿಯನ್ನೂ, ಸಂಸ್ಕೃತದ ‘ಕಟ’ದ ಆಕಸ್ಮಿಕವನ್ನೂ ಮುನ್ನುಡಿಯಲ್ಲಿ ಬರೆಯುತ್ತೇನೆ. ಅಜ್ಜನ ಮಾತನ್ನು ಬಿಟ್ಟುಬಿಡಲು ನನಗೆ ಮನಸ್ಸು ಬರುವುದಿಲ್ಲ.

ಸುಬೇದಾರ್ ಅಣ್ಣನವರಿಗೆ ಬೇರೆಯಾಗಿ ಒಂದು ಮಾತು ಹೇಳಬೇಕು. ‘ಸಾಹೇಬರ ಮುಖ ಮಾತ್ರ ನೋಡಲಾಗಲಿಲ್ಲ’ ಎಂಬ ಸಾಲನ್ನು ನಾವು ಇಷ್ಟು ವರ್ಷ ಬೇರೆ ರೀತಿಯಲ್ಲಿ ಓದಿದ್ದೆವು. ಜನ ಹೆಚ್ಚಿದ್ದಿರಬೇಕು, ಅಥವಾ ಅಪ್ಪ ತಡವಾಗಿ ಹೋಗಿರಬೇಕು ಎಂದು ಅವ್ವ ಹೇಳುತ್ತಿದ್ದರು. ಕಾವಲಿನವರು ಪೆಟ್ಟಿಗೆಗೆ ಬೆನ್ನು ಮಾಡಿ, ತಲೆ ತಗ್ಗಿಸಿ ನಿಲ್ಲುತ್ತಾರೆಂದು ನೀವು ಬರೆದದ್ದನ್ನು ನಿನ್ನೆ ರಾತ್ರಿ ಅವ್ವನಿಗೆ ಓದಿ ಹೇಳಿದೆ. ಅವರು ಆ ಪತ್ರವನ್ನು ಪೆಟ್ಟಿಗೆಯಿಂದ ತೆಗೆಸಿ, ಇನ್ನೊಮ್ಮೆ ಓದಲು ಹೇಳಿದರು.